ಸಂಕ ಬದಲಿಸಿ, ಕಾಲುವೆ ಮುಚ್ಚಬೇಡಿ

ಅಘನಾಶಿನಿ ನದಿ ಹಿನ್ನೀರಿನ ಗಜನಿಗಳಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಬರುವ ಭತ್ತದ ಗದ್ದೆಗಳಲ್ಲಿ ಓಡಾಡಿದವರಿಗೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕ, ಅಂದರೆ ಕಾಲುಸೇತುವೆ ಗೊತ್ತಿರುತ್ತದೆ. ನಾಲ್ಕೈದು ದಬ್ಬೆ, ಕೈಗೊಂದು ಬಿದಿರು, ಕೆಳಗೆ ಅಜ್ಜನ ಕಾಲದ ಕಾಲುವೆ. ನಾನು ಸಣ್ಣ ಸೇತುವೆಗಳ ಇಂಜಿನಿಯರ್. ಜನ ನನ್ನ ಹತ್ತಿರ ಜಾಸ್ತಿ ಹೇಳುವುದು ಒಂದೇ ಮಾತು: "ಎರಡು ಸಿಮೆಂಟ್ ಪೈಪ್ ಇಟ್ಟು ಮಣ್ಣು ಹಾಕಿಬಿಡಿ ಸರ್, ಬೈಕೂ ಹೋಗ್ತದೆ." ಅವರ ಕಷ್ಟ ಸುಳ್ಳಲ್ಲ. ಮಳೆಗಾಲದಲ್ಲಿ ಶಾಲೆ ಮಕ್ಕಳು ಪಾಚಿ ಹಿಡಿದ ದಬ್ಬೆ ಮೇಲೆ ದಾಟುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೂ ಪೈಪ್ ಬೇಡ ಅಂತಲೇ ಹೇಳುತ್ತೇನೆ.

ಲೆಕ್ಕ ನೋಡಿ. ಕಾಲುವೆ 4 ಮೀಟರ್ ಅಗಲ ಇದ್ದು ಒಂದೂವರೆ ಮೀಟರ್ ನೀರು ಹರಿದರೆ, ನೀರಿಗೆ 6 ಚದರ ಮೀಟರ್ ದಾರಿ ಇದೆ. 90 ಸೆಂಟಿಮೀಟರ್ ಬಾಯಿಯ ಎರಡು ಪೈಪ್ ಸೇರಿದರೂ 1.3 ಚದರ ಮೀಟರ್ ಆಗುವುದಿಲ್ಲ. ಗಜನಿಯ ಮಳೆನೀರು ಹೊರಗೆ ಹೋಗುವುದು ಇಳಿತದ ಹೊತ್ತಿನಲ್ಲಿ ಮಾತ್ರ ಅಲ್ವಾ, ಒಂದು ಇಳಿತ ಅಂದರೆ ಹೆಚ್ಚುಕಡಿಮೆ 6 ತಾಸು, ಅಷ್ಟರಲ್ಲಿ ಖಾಲಿಯಾಗದ ನೀರನ್ನು ಮುಂದಿನ ಉಬ್ಬರ ಬಂದು ತಡೆಯುತ್ತದೆ, ಅದು ಗದ್ದೆಯಲ್ಲೇ ನಿಲ್ಲುತ್ತದೆ. ಕಗ್ಗ ಭತ್ತ ಉಪ್ಪು ತಡೆಯುವ ಗಟ್ಟಿ ತಳಿ, ನಿಜ. ಹಾಗಂತ ಎಷ್ಟು ದಿನ ಮುಳುಗಿಸುವುದು? ಇನ್ನು ಪೈಪಿನಿಂದ ರಭಸವಾಗಿ ಬರುವ ನೀರು ಆಚೆ ಬದಿಯಲ್ಲಿ ಗುಂಡಿ ತೋಡುತ್ತದೆ. ಹಳೇ ಚಿರೇಕಲ್ಲಿನ ಗೋಡೆ ಬುಡದಿಂದಲೇ ಕುಸಿಯುತ್ತದೆ.

ನಡುವೆ ಕಂಬವಿಲ್ಲದೆ ಒಂದೇ ನೆಗೆತದಲ್ಲಿ ದಾಟುವ ಕಾಂಕ್ರೀಟ್ ಕಾಲುಸಂಕ ಕಟ್ಟಿ. ಎರಡೂ ಕಡೆ ಆಧಾರ ಹಳೇ ಗೋಡೆಯಿಂದ ಒಂದು ಮೀಟರ್ ಹಿಂದೆ ಇರಲಿ, ಗೋಡೆ ಮೇಲೆ ಭಾರ ಬೀಳಬಾರದು. ನಡುವೆ ಕಂಬ ನಿಲ್ಲಿಸಿದರೆ ತೆಂಗಿನ ಮಡಲು, ಕಸ ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ, ದೋಣಿಗೂ ಅಡ್ಡಿ. ಜನ ಕಿಕ್ಕಿರಿದು ನಿಲ್ಲಬಹುದಾದ ಕಡೆ ಚದರ ಮೀಟರಿಗೆ 500 ಕೆಜಿ ಹಿಡಿಯುತ್ತೇವೆ. 6 ಮೀಟರ್ ಉದ್ದ, 1.2 ಮೀಟರ್ ಅಗಲಕ್ಕೆ 3,600 ಕೆಜಿ. ದೊಡ್ಡ ಭಾರವೇನಲ್ಲ.

ಸಂಕವನ್ನು ತಿನ್ನುವುದು ಉಪ್ಪು. ಅದು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಉಬ್ಬರಕ್ಕೆ ಒದ್ದೆಯಾಗಿ ಇಳಿತಕ್ಕೆ ಒಣಗುವ ಭಾಗಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕೇಳುವುದು ಎಂ40 ಅನ್ನುವ ಗಟ್ಟಿ ದರ್ಜೆಯ ಕಾಂಕ್ರೀಟು, ಕಬ್ಬಿಣದ ಮೇಲೆ 75 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಮನೆ ಸ್ಲ್ಯಾಬಿನ ರೂಢಿಯಲ್ಲಿ ಕಬ್ಬಿಣವನ್ನು ಎತ್ತಿ ಹಿಡಿಯಲು 20 ಮಿಲಿಮೀಟರಿನ ಬಿಲ್ಲೆ (ಕವರ್ ಬ್ಲಾಕ್) ಇಟ್ಟುಬಿಡುತ್ತಾರೆ, ಹಾಗಾಗಿ ಕಾಂಕ್ರೀಟ್ ಹಾಕುವ ದಿನ ಊರಿನವರೇ ಒಬ್ಬರು ಟೇಪು ಹಿಡಿದು ನಿಲ್ಲಿ. ಕಲಸಲು ಸಿಹಿನೀರೇ ತರಿಸಿ. ಪಕ್ಕದಲ್ಲೇ ಇದೆಯಲ್ಲ ಅಂತ ಕಾಲುವೆಗೆ ಬಕೆಟ್ ಇಳಿಸಲು ಬಿಡಬೇಡಿ.