ವಿಮಾನ ತುಂಬಿ ಹೋಗುತ್ತಿದ್ದರೂ ಪ್ರಯಾಣಿಕರ ಸಂಖ್ಯೆ ಕುಸಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಕಡೆಯ ವಿಮಾನ ನಿಲ್ದಾಣದ ತಿಂಗಳ ಅಂಕಿಅಂಶ ಬಂದಾಗ ಪತ್ರಿಕೆಯಲ್ಲಿ ‘ಪ್ರಯಾಣಿಕರ ಸಂಖ್ಯೆ ಭಾರಿ ಇಳಿಕೆ’ ಎಂಬ ಸುದ್ದಿ ಬರುತ್ತದೆ. ಆದರೆ ಟಿಕೆಟ್ ತೆಗೆಯಲು ಹೋದರೆ ಸೀಟೇ ಇರುವುದಿಲ್ಲ, ಇದ್ದರೂ ದರ ಕೈಗೆಟುಕುವುದಿಲ್ಲ. ಇದರಲ್ಲಿ ಯಾವುದು ನಿಜ?

ಉತ್ತರ: ಎರಡೂ ನಿಜ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗ, ಮೈಸೂರಿನಂಥ ನಿಲ್ದಾಣಗಳ ತಿಂಗಳ ಲೆಕ್ಕವನ್ನು ಊರಿನ ಜನರ ಬೇಡಿಕೆ ಎಂದು ಓದಿದರೆ ದಾರಿ ತಪ್ಪುತ್ತದೆ. ಅದು ಮುಖ್ಯವಾಗಿ ತೋರಿಸುವುದು ಆ ತಿಂಗಳು ವಿಮಾನ ಕಂಪನಿಗಳು ಆ ಊರಿಗೆ ಎಷ್ಟು ಸೀಟು ಕೊಟ್ಟವು ಎಂಬುದನ್ನು. ಬೆಂಗಳೂರಿನಲ್ಲಿ ಒಂದು ವಿಮಾನ ನಿಂತರೆ ಅಂಕಿಯಲ್ಲಿ ಗೊತ್ತೇ ಆಗುವುದಿಲ್ಲ. ದಿನಕ್ಕೆ ನಾಲ್ಕು ವಿಮಾನ ಬಂದು ಹೋಗುವ ಊರಿನಲ್ಲಿ ಒಂದು ನಿಂತರೆ ಕಾಲು ಭಾಗ ಹೋಯಿತು. ನಿಂತದ್ದು ದೊಡ್ಡ ವಿಮಾನವಾದರೆ ಇನ್ನೂ ಹೆಚ್ಚು.

ಲೆಕ್ಕ ಹಾಕಿಯೇ ನೋಡೋಣ. ಒಂದು ನಿಲ್ದಾಣಕ್ಕೆ ದಿನಕ್ಕೆ ಎಟಿಆರ್ ಎಂಬ ಸಣ್ಣ ವಿಮಾನ ಮೂರು, ದೊಡ್ಡದಾದ ಏರ್‌ಬಸ್ ಎ320 ಒಂದು ಬರುತ್ತವೆ ಎಂದುಕೊಳ್ಳಿ. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟು, ಎ320ರಲ್ಲಿ 186 ಸೀಟು ಹಿಡಿಯಿರಿ. ದಿನಕ್ಕೆ ಒಂದು ದಿಕ್ಕಿಗೆ 420 ಸೀಟು. ಬರುವುದು ಹೋಗುವುದು ಎರಡೂ ಸೇರಿ 840. 30 ದಿನಕ್ಕೆ 25,200. ಇದರಲ್ಲಿ 20,400 ಜನ ಪ್ರಯಾಣಿಸಿದರೆ ಶೇ 81ರಷ್ಟು ಭರ್ತಿ, ಒಳ್ಳೆಯ ತಿಂಗಳೇ. ಮುಂದಿನ ತಿಂಗಳು ಎ320 ಅನ್ನು ಕಂಪನಿ ಬೇರೆ ಊರಿಗೆ ಒಯ್ದಿತು. ಉಳಿದದ್ದು 14,040 ಸೀಟು. ಜನ ಈಗ ಎಟಿಆರ್‌ಗೇ ಮುಗಿಬೀಳುತ್ತಾರೆ, ಶೇ 95 ಭರ್ತಿಯಾಗುತ್ತದೆ, ದರ ಏರುತ್ತದೆ. ಹಾಗಿದ್ದೂ ಒಟ್ಟು ಪ್ರಯಾಣಿಕರು ಸುಮಾರು 13,340 ಮಾತ್ರ. ‘ಶೇ 35 ಕುಸಿತ’ ಎಂಬ ತಲೆಬರಹ ಬರುವುದು ಹೀಗೆ. ಆ ತಿಂಗಳು ವಿಮಾನಗಳು ಹಿಂದೆಂದಿಗಿಂತ ಹೆಚ್ಚು ತುಂಬಿದ್ದವು ಎಂಬ ಮಾತು ಮಾತ್ರ ಆ ಸುದ್ದಿಯಲ್ಲಿ ಇರುವುದಿಲ್ಲ.

ಆ ಸಂಖ್ಯೆ ಎಲ್ಲಿಂದ ಬರುತ್ತದೆ

ಪ್ರತಿ ವಿಮಾನ ಹೊರಡುವ ಮುನ್ನ ಲೋಡ್ ಶೀಟ್ ಎಂಬ ಹಾಳೆ ತಯಾರಾಗುತ್ತದೆ. ವಿಮಾನದ ಒಟ್ಟು ತೂಕ, ಸಮತೋಲ, ಇಂಧನ, ಲಗೇಜು ಎಲ್ಲ ಅದರಲ್ಲಿರುತ್ತವೆ. ಪ್ರಯಾಣಿಕರ ಸಾಲು 68/3/2 ಎಂಬಂತೆ ಇರುತ್ತದೆ: ದೊಡ್ಡವರು 68, ಮಕ್ಕಳು 3, ಸೀಟಿಲ್ಲದೆ ಮಡಿಲಲ್ಲಿ ಕೂರುವ ಕೂಸುಗಳು 2. ಇದೇ ವಿವರ ಸಂದೇಶವಾಗಿ ಮುಂದಿನ ನಿಲ್ದಾಣಕ್ಕೆ ಹೋಗುತ್ತದೆ. ವಿಮಾನ ಮಧ್ಯೆ ಒಂದು ಊರಿನಲ್ಲಿ ನಿಂತು ಮುಂದೆ ಹೋಗುವುದಾದರೆ, ಎಷ್ಟು ಜನ ಅಲ್ಲಿ ಇಳಿಯುತ್ತಾರೆ, ಎಷ್ಟು ಜನ ಒಳಗೇ ಕೂತಿರುತ್ತಾರೆ ಎಂಬುದೂ ಬೇರೆಬೇರೆಯಾಗಿ ನಮೂದಾಗಿರುತ್ತದೆ. ದಿನದ ಈ ಲೆಕ್ಕ ಕೂಡುತ್ತ ತಿಂಗಳ ಲೆಕ್ಕವಾಗುತ್ತದೆ. ಟಿಕೆಟ್ ಮಾಡಿಯೂ ಬಾರದವರು ಇದರಲ್ಲಿ ಇಲ್ಲ. ಸೀಟು ಸಿಗದೆ ರೈಲಿಗೋ ಸ್ಲೀಪರ್ ಬಸ್ಸಿಗೋ ಹೋದವರಂತೂ ಯಾವ ಪಟ್ಟಿಯಲ್ಲೂ ಇಲ್ಲ. ಬೇಡಿಕೆಯ ಮಾತು ಬಂದಾಗ ನೆನಪಿಡಬೇಕಾದವರು ಇವರೇ.

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರತಿ ತಿಂಗಳು ಪ್ರಕಟಿಸುವ ಪಟ್ಟಿಯಲ್ಲಿ ವಿಮಾನ ಸಂಚಾರ, ಪ್ರಯಾಣಿಕರು, ಸರಕು ಎಂದು ಬೇರೆಬೇರೆ ಕೋಷ್ಟಕಗಳಿರುತ್ತವೆ. ಪ್ರತಿ ಊರಿನ ಮುಂದೆ ಈ ತಿಂಗಳ ಸಂಖ್ಯೆ, ಹೋದ ವರ್ಷದ ಅದೇ ತಿಂಗಳ ಸಂಖ್ಯೆ, ಶೇಕಡಾವಾರು ವ್ಯತ್ಯಾಸ. ಆಮೇಲೆ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಮೊತ್ತಕ್ಕೂ ಇದೇ ಮೂರು ಅಂಕಣ. ಮಂಗಳೂರನ್ನು ಹುಡುಕುವವರು ಖಾಸಗಿ ಸಹಭಾಗಿತ್ವದ ನಿಲ್ದಾಣಗಳ ಗುಂಪಿನಲ್ಲಿ ನೋಡಬೇಕು. ಅದರ ನಿರ್ವಹಣೆ 2020ರ ಅಕ್ಟೋಬರ್ ಕೊನೆಯಲ್ಲಿ ಅದಾನಿ ಸಮೂಹಕ್ಕೆ ಹೋಯಿತು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಿಲ್ದಾಣದ ಲೆಕ್ಕದಲ್ಲಿ ಬಂದವರೂ ಹೋದವರೂ ಸೇರಿರುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಒಬ್ಬರು ಬೆಂಗಳೂರಿನಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಒಮ್ಮೆ ಎಣಿಕೆಯಾಗುತ್ತಾರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಿಮಾನ ಕಂಪನಿಗಳಿಂದ ಪಡೆಯುವ ಲೆಕ್ಕದಲ್ಲಿ ಅದೇ ಪ್ರಯಾಣ ಒಮ್ಮೆ ಮಾತ್ರ ಬರುತ್ತದೆ. ಹಾಗಾಗಿಯೇ 2023–24ರಲ್ಲಿ ದೇಶದ ನಿಲ್ದಾಣಗಳ ದೇಶೀಯ ಪ್ರಯಾಣಿಕರ ಮೊತ್ತ 30 ಕೋಟಿ ದಾಟಿದ್ದರೆ, ಡಿಜಿಸಿಎ ಲೆಕ್ಕದಲ್ಲಿ 2023ರ ದೇಶೀಯ ಪ್ರಯಾಣಿಕರು ಸುಮಾರು 15.2 ಕೋಟಿ. ಎರಡೂ ಸರಿಯಾದ ಅಂಕಿಗಳೇ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸುವುದು ತಪ್ಪು. ನಿಮ್ಮ ಊರಿನಿಂದ ಹೊರಟವರೆಷ್ಟು ಎಂದು ತಿಳಿಯಬೇಕಾದರೆ ನಿಲ್ದಾಣದ ಸಂಖ್ಯೆಯನ್ನು ಎರಡರಿಂದ ಭಾಗಿಸಿ. ಹಬ್ಬದ ತಿಂಗಳಲ್ಲಿ ಒಂದು ದಿಕ್ಕು ಸ್ವಲ್ಪ ಹೆಚ್ಚಿರಬಹುದು, ಆದರೂ ಅಂದಾಜಿಗೆ ಇದು ಸಾಕು.

ವಿಮಾನ ಸಂಚಾರದ ಅಂಕಿಯೂ ಹಾಗೆಯೇ: ಇಳಿದದ್ದು ಒಂದು, ಏರಿದ್ದು ಇನ್ನೊಂದು. 240 ಸಂಚಾರ ಎಂದರೆ 120 ವಿಮಾನ ಬಂದು ಹೋಗಿವೆ. ಬೆಳಗಾವಿ, ಕಲಬುರಗಿ, ಮೈಸೂರಿನಂಥ ಕಡೆ ಪೈಲಟ್ ತರಬೇತಿ ಸಂಸ್ಥೆಗಳೂ ಇವೆ. ತರಬೇತಿ ವಿಮಾನ ರನ್‌ವೇ ಮುಟ್ಟಿ ಮತ್ತೆ ಏರುವ ಅಭ್ಯಾಸವನ್ನು ಗಂಟೆಗೆ ಹಲವು ಸಲ ಮಾಡುತ್ತದೆ, ಒಬ್ಬ ಪ್ರಯಾಣಿಕನೂ ಇಲ್ಲದೆ. ಸಂಚಾರ ಏರಿ ಪ್ರಯಾಣಿಕರು ಏರದಿದ್ದರೆ ಮೊದಲು ನೋಡಬೇಕಾದದ್ದು, ಆ ಅಂಕಿಯಲ್ಲಿ ನಿಗದಿತ ವಿಮಾನಗಳ ಜತೆ ಇಂಥ ಹಾರಾಟಗಳೂ ಸೇರಿವೆಯೇ ಎಂಬುದನ್ನು.

ಯಾವ ತಿಂಗಳನ್ನು ಯಾವುದಕ್ಕೆ ಹೋಲಿಸಬೇಕು

ಜನವರಿಗೆ 31 ದಿನ, ಫೆಬ್ರುವರಿಗೆ 28. ಒಂದು ವಿಮಾನವೂ ಕಡಿಮೆಯಾಗದಿದ್ದರೂ ಫೆಬ್ರುವರಿಯ ಸಂಖ್ಯೆ ಶೇ 10ರ ಹತ್ತಿರ ಇಳಿಯುತ್ತದೆ. ಅಧಿಕ ವರ್ಷವಾದ 2024ರ ಫೆಬ್ರುವರಿಗೆ 2025ರ ಫೆಬ್ರುವರಿಯನ್ನು ಹೋಲಿಸಿದರೆ ಒಂದು ದಿನದ ಕೊರತೆಯಿಂದಲೇ ಶೇ 3.4 ಇಳಿಕೆ ಕಾಣಬೇಕು. ಒಟ್ಟು ಸಂಖ್ಯೆಯನ್ನು ದಿನಗಳಿಂದ ಭಾಗಿಸಿ ದಿನದ ಸರಾಸರಿ ನೋಡುವುದೇ ಇದಕ್ಕೆ ಉಪಾಯ.

ಹಬ್ಬಗಳದ್ದು ಇನ್ನೂ ತೊಡಕು. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂತು. ಅಂದರೆ 2025ರ ದಸರೆಗೆ ಊರಿಗೆ ಹೊರಟವರಲ್ಲಿ ಬಹಳಷ್ಟು ಜನ ಸೆಪ್ಟೆಂಬರ್ ಲೆಕ್ಕಕ್ಕೆ ಸೇರಿದರು. ಅಂಥ ವರ್ಷ ಸೆಪ್ಟೆಂಬರ್ ‘ದಾಖಲೆ’ ಎಂದೂ ಅಕ್ಟೋಬರ್ ‘ಕುಸಿತ’ ಎಂದೂ ಬರೆಯುವುದಕ್ಕೆ ಅರ್ಥವಿಲ್ಲ. ಎರಡು ತಿಂಗಳು ಕೂಡಿಸಿ ಹೋಲಿಸಬೇಕು. ದೀಪಾವಳಿಗೆ ಅಕ್ಟೋಬರ್‌–ನವೆಂಬರ್ ಜೋಡಿ. ಮಂಗಳೂರಿನಲ್ಲಿ ಕೊಲ್ಲಿ ದೇಶಗಳ ಕ್ಯಾಲೆಂಡರ್ ಕೂಡ ಮುಖ್ಯ: ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಜುಲೈ–ಆಗಸ್ಟ್‌ನಲ್ಲಿ. ದುಬೈ, ಅಬುಧಾಬಿಯಲ್ಲಿರುವ ಕರಾವಳಿಯ ಕುಟುಂಬಗಳು ಆಗ ಮನೆಗೆ ಬರುತ್ತವೆ. ಉಳಿದ ಊರುಗಳಿಗೆ ಮಳೆಗಾಲದ ಮಂದ ತಿಂಗಳು ಅದು. ಈದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಅದರ ದಟ್ಟಣೆಯೂ ಒಂದು ತಿಂಗಳಿಂದ ಇನ್ನೊಂದಕ್ಕೆ ಜಾರುತ್ತದೆ.

ವೇಳಾಪಟ್ಟಿ ಬದಲಾಗುವುದು ವರ್ಷಕ್ಕೆ ಎರಡು ಸಲ: ಮಾರ್ಚ್ ಕೊನೆಯ ಭಾನುವಾರ ಬೇಸಿಗೆ ವೇಳಾಪಟ್ಟಿ, ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲದ್ದು. ಹೊಸ ವೇಳಾಪಟ್ಟಿಯ ಪರಿಣಾಮ ಪೂರ್ತಿ ಕಾಣುವುದು ಏಪ್ರಿಲ್ ಮತ್ತು ನವೆಂಬರ್‌ನಲ್ಲಿ. ಈ ಎರಡು ತಿಂಗಳ ಅಂಕಿಗೆ ಉಳಿದವಕ್ಕಿಂತ ಹೆಚ್ಚು ಬೆಲೆ ಕೊಡಬೇಕು.

ಸೀಟು ಹೋಗುವುದು ಯಾಕೆ

ದೊಡ್ಡ ಕಾರಣ, ವಿಮಾನ ಕಂಪನಿಯ ಬಳಿ ವಿಮಾನವೇ ಇಲ್ಲದಿರುವುದು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಎಂಜಿನ್ ತೊಂದರೆಯಿಂದ ಎ320ರ ಹೊಸ ಮಾದರಿಯಾದ ಹತ್ತಾರು ಎ320 ನಿಯೋಗಳು ಹಾರದೆ ನೆಲದಲ್ಲೇ ನಿಂತವು. ಇರುವ ವಿಮಾನವನ್ನು ಹೆಚ್ಚು ದುಡಿಯುವ ಮಾರ್ಗಕ್ಕೆ ಹಾಕುವುದು ಕಂಪನಿಗಳ ಲೆಕ್ಕಾಚಾರ, ಆಗ ಮೊದಲು ಕತ್ತರಿ ಬೀಳುವುದು ಸಣ್ಣ ಊರಿಗೆ. ಆ ಊರಿನ ಜನ ಏನೂ ತಪ್ಪು ಮಾಡಿರುವುದಿಲ್ಲ.

ಎರಡನೆಯದು ಉಡಾನ್, ಅಂದರೆ ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಯೋಜನೆ. 2017ರ ಏಪ್ರಿಲ್ 27ರಂದು ಮೊದಲ ವಿಮಾನ ಹಾರಿದ ಈ ಯೋಜನೆಯಲ್ಲಿ ಕೆಲವು ಸೀಟುಗಳ ದರಕ್ಕೆ ಮಿತಿಯಿದೆ. ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಅಷ್ಟೂ ಕಾಲ ಆ ಮಾರ್ಗದಲ್ಲಿ ಉಡಾನ್ ಅಡಿ ಬೇರೆ ಕಂಪನಿಗೆ ಅವಕಾಶವಿಲ್ಲ. ಮೂರು ವರ್ಷ ಮುಗಿದ ಮೇಲೆ ಮಾರ್ಗ ಸ್ವಂತ ಕಾಲ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಆ ತಿಂಗಳ ಅಂಕಿ ಮೆಟ್ಟಿಲಿನಂತೆ ಒಮ್ಮೆಲೇ ಕೆಳಗಿಳಿಯುತ್ತದೆ. ನಿಮ್ಮ ಊರಿನ ಮಾರ್ಗ ಯಾವ ತಿಂಗಳು ಶುರುವಾಯಿತು ಎಂದು ಬರೆದಿಟ್ಟುಕೊಂಡರೆ ಈ ಇಳಿತ ಯಾವಾಗ ಬರಬಹುದು ಎಂದು ಮೊದಲೇ ಹೇಳಬಹುದು.

ಮೂರನೆಯದು ನೆರೆಯ ನಿಲ್ದಾಣ. ಬೆಳಗಾವಿ–ಹುಬ್ಬಳ್ಳಿ ನಡುವೆ ಇರುವುದು ಸುಮಾರು ನೂರು ಕಿ.ಮೀ. ಅಷ್ಟೇ. 2018ರಲ್ಲಿ ಸ್ಪೈಸ್‌ಜೆಟ್ ಬೆಳಗಾವಿಯ ವಿಮಾನಗಳನ್ನು ಬಿಟ್ಟು ಉಡಾನ್ ಅಡಿ ಹುಬ್ಬಳ್ಳಿಯತ್ತ ಹೋದಾಗ ಬೆಳಗಾವಿಯ ಅಂಕಿ ಬಿತ್ತು, ಹುಬ್ಬಳ್ಳಿಯದು ಎದ್ದಿತು. ಬೆಳಗಾವಿಯ ವ್ಯಾಪಾರಿಗಳು, ವಿದ್ಯಾರ್ಥಿಗಳು ಪ್ರಯಾಣ ನಿಲ್ಲಿಸಿರಲಿಲ್ಲ. ಕಾರು ಹತ್ತಿ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುತ್ತಿದ್ದರು. ಉಡಾನ್ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಮಾರ್ಗಗಳು ಸಿಕ್ಕ ಮೇಲೆ ಚಿತ್ರ ಮತ್ತೆ ಬದಲಾಯಿತು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು, 2023ರ ಜನವರಿಯಲ್ಲಿ ಗೋವಾದ ಮೋಪಾ ತೆರೆದಾಗಲೂ ಹೀಗೇ: ಕಾಸರಗೋಡಿನ ಕಡೆಯವರಿಗೆ ಮಂಗಳೂರಿನ ಜತೆ ಇನ್ನೊಂದು ಆಯ್ಕೆ ಬಂತು, ಗೋವಾದ ಹಳೆಯ ನಿಲ್ದಾಣವಾದ ದಾಬೋಳಿಯ ಪ್ರಯಾಣಿಕರು ಹಂಚಿಹೋದರು. ಹಾಗಾಗಿ ಒಂದು ಊರಿನ ಅಂಕಿ ಓದುವಾಗ ಪಕ್ಕದ ಊರಿನದ್ದನ್ನೂ ಕೂಡಿಸಿ ಓದಿ.

ರನ್‌ವೇ, ಹವಾಮಾನ ಕೂಡ ಮಿತಿ ಹಾಕುತ್ತವೆ. ಮೈಸೂರಿನ ರನ್‌ವೇ ಸುಮಾರು 1.7 ಕಿ.ಮೀ.; ಎಟಿಆರ್‌ನಂಥ ವಿಮಾನಕ್ಕೆ ಸಾಕು, ಎ320ರ ನಿಯಮಿತ ಸೇವೆಗೆ ಸಾಲದು. ಅಲ್ಲಿ ಎಷ್ಟೇ ಬೇಡಿಕೆ ಇದ್ದರೂ ವಿಮಾನಕ್ಕೆ ಎಪ್ಪತ್ತೆಂಟರ ಆಸುಪಾಸಿನಲ್ಲೇ ಲೆಕ್ಕ ನಿಲ್ಲುತ್ತದೆ. ಶಿವಮೊಗ್ಗದ ರನ್‌ವೇ 3 ಕಿ.ಮೀ. ಮೀರಿದೆ. ಆದರೆ 2023ರ ಆಗಸ್ಟ್ 31ರಂದು ಮೊದಲ ನಿಗದಿತ ವಿಮಾನ ಬಂದಾಗ ಅಲ್ಲಿ ಪೈಲಟ್ ಕಣ್ಣಾರೆ ನೋಡಿಯೇ ಇಳಿಯಬೇಕಿತ್ತು. ಅಂಥ ನಿಲ್ದಾಣದಲ್ಲಿ 5 ಕಿ.ಮೀ. ದೂರ ಕಾಣದಿದ್ದರೆ ವಿಮಾನ ಇಳಿಯುವಂತಿಲ್ಲ. ಮಲೆನಾಡಿನ ಮಂಜಿನಲ್ಲಿ ಒಂದು ವಿಮಾನ ಬೆಂಗಳೂರಿಗೆ ವಾಪಸಾದರೆ ಬರಬೇಕಾದವರೂ ಹೋಗಬೇಕಾದವರೂ ಇಬ್ಬರೂ ಲೆಕ್ಕದಿಂದ ಬಿಟ್ಟುಹೋಗುತ್ತಾರೆ: 78 ಸೀಟಿನ ವಿಮಾನ ತಿಂಗಳಿಗೆ ಐದು ಸಲ ರದ್ದಾದರೆ 780 ಸೀಟು ನಷ್ಟ. 2023ರ ಆರಂಭದಲ್ಲಿ ಮಂಗಳೂರು ರನ್‌ವೇಗೆ ಹೊಸ ಡಾಂಬರು ಹಾಕುವಾಗ ಹಗಲು ಹೊತ್ತು ವಿಮಾನಗಳಿರಲಿಲ್ಲ. ಆ ತಿಂಗಳುಗಳನ್ನು ಮುಂದಿನ ವರ್ಷಕ್ಕೆ ಹೋಲಿಸಿ ಬೆಳವಣಿಗೆ ಎಂದರೆ ಅದು ಅರ್ಧ ಸತ್ಯ.

ನೀವೇ ಲೆಕ್ಕ ಹಾಕುವುದಾದರೆ

ಪ್ರಾಧಿಕಾರದ ಪಟ್ಟಿಯಿಂದ ತಿಂಗಳ ಪ್ರಯಾಣಿಕರ ಸಂಖ್ಯೆ ತೆಗೆದುಕೊಳ್ಳಿ, ದಿನಗಳಿಂದ ಭಾಗಿಸಿ. ಆ ತಿಂಗಳ ವೇಳಾಪಟ್ಟಿಯಿಂದ ಯಾವ ಮಾರ್ಗಕ್ಕೆ ವಾರಕ್ಕೆ ಎಷ್ಟು ದಿನ, ಯಾವ ವಿಮಾನ ಎಂದು ಬರೆದುಕೊಳ್ಳಿ. ‘ಹೊಸ ವಿಮಾನ’ ಎಂದು ಸುದ್ದಿಯಾದದ್ದು ಅನೇಕ ಸಲ ವಾರಕ್ಕೆ ಮೂರೇ ದಿನ ಇರುತ್ತದೆ. ಸೀಟು: ಎಟಿಆರ್‌ಗೆ 70ರಿಂದ 78, ಸ್ಟಾರ್ ಏರ್‌ನ ಎಂಬ್ರೇಯರ್ 175ಕ್ಕೆ 76, ಎ320ಗೆ 180 ಅಥವಾ 186. ದಿನದ ಸೀಟನ್ನು ಎರಡರಿಂದ ಗುಣಿಸಿ, ಪ್ರಯಾಣಿಕರನ್ನು ಅದರಿಂದ ಭಾಗಿಸಿದರೆ ಭರ್ತಿಯ ಪ್ರಮಾಣ ಸಿಗುತ್ತದೆ. ಶೇ 85 ದಾಟಿಯೂ ಪ್ರಯಾಣಿಕರು ಇಳಿದಿದ್ದರೆ ಕೊರತೆ ಸೀಟಿನದು. ಶೇ 60ಕ್ಕೆ ಇಳಿದಿದ್ದರೆ ನಿಜಕ್ಕೂ ಜನ ಕಡಿಮೆಯಾಗಿದ್ದಾರೆ. ದರವನ್ನೋ ಹೊರಡುವ ವೇಳೆಯನ್ನೋ ಅನುಮಾನಿಸಬೇಕು.

ಯಾವ ಮಾರ್ಗದಲ್ಲಿ ಏನಾಯಿತು ಎಂದು ತಿಳಿಯಲು ಡಿಜಿಸಿಎಯ ನಗರ ಜೋಡಿಗಳ ಪಟ್ಟಿಯಿದೆ. ಎರಡು ಊರುಗಳ ನಡುವೆ ಎರಡೂ ದಿಕ್ಕಿನಲ್ಲಿ ಎಷ್ಟು ಜನ ಹೋದರೆಂದು ಅದು ತಿಂಗಳುವಾರು ಹೇಳುತ್ತದೆ. ವಿಮಾನ ಬೇಕೆಂದು ಮನವಿ ಕೊಡುವ ವಾಣಿಜ್ಯೋದ್ಯಮ ಸಂಸ್ಥೆಗಳು, ಸಂಘಗಳು ಒಟ್ಟು ಸಂಖ್ಯೆಗಿಂತ ಈ ಪಟ್ಟಿಯನ್ನೂ ಭರ್ತಿ ಪ್ರಮಾಣವನ್ನೂ ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ. ಜತೆಗೆ ವೇಳೆಯನ್ನೂ ಕೇಳಬೇಕು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆ ಸೇರುವಂತೆ ಎರಡು ಎಟಿಆರ್ ಇದ್ದರೆ, ಮಧ್ಯಾಹ್ನ ಒಂದೇ ಸಲ ಬಂದು ಹೋಗುವ ಎ320ಗಿಂತ ಒಟ್ಟು ಸೀಟು ಕಡಿಮೆಯೇ. ಆದರೆ ಬೆಂಗಳೂರಿನಲ್ಲಿ ಹೈಕೋರ್ಟ್, ಆಸ್ಪತ್ರೆ, ಕಚೇರಿ ಕೆಲಸ ಇರುವವರಿಗೆ ಬೇಕಾದದ್ದು ಆ ಎರಡು ಎಟಿಆರ್.