ಮಹಿಳಾ ಟಿ20 ಪ್ರಾದೇಶಿಕ ಅರ್ಹತಾ ಟೂರ್ನಿ: ಅಂಕಪಟ್ಟಿ ಓದುವುದು, ನೆಟ್ ರನ್ ರೇಟನ್ನು ಚೆಂಡಿನ ಲೆಕ್ಕದಲ್ಲಿ ಹಾಕುವುದು

ಬೆಂಗಳೂರಿನಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯಲು ಕಲಿಯುತ್ತಿರುವವರು, ಸ್ಕೋರರ್ ಪರೀಕ್ಷೆಗೆ ಓದುತ್ತಿರುವವರು ಇಟ್ಟುಕೊಳ್ಳಲೆಂದು ಈ ಟಿಪ್ಪಣಿ. ಸ್ಕೋರ್ ಶೀಟ್ ತುಂಬುವುದು ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ. ಉದಾಹರಣೆಗಳನ್ನು ಮಹಿಳಾ ಕ್ರಿಕೆಟ್‌ನ ಅರ್ಹತಾ ಟೂರ್ನಿಗಳಿಂದ ತೆಗೆದುಕೊಂಡಿದ್ದೇನೆ. ಗುಂಪಿನಲ್ಲಿ ಎರಡು-ಮೂರೇ ಪಂದ್ಯ ಇರುವುದರಿಂದ ಅಲ್ಲಿ ಅಂಕ ಸಮವಾದಾಗ ಯಾರು ಮೇಲೆ ಎಂದು ತೀರ್ಮಾನಿಸುವ ನೆಟ್ ರನ್ ರೇಟ್ ಒಂದು ತಂಡದ ಹಣೆಬರಹವನ್ನೇ ಬರೆಯುತ್ತದೆ.

ಟೂರ್ನಿಯ ಏಣಿ

2026ರ ಮಹಿಳಾ ಟಿ20 ವಿಶ್ವಕಪ್ ಇಂಗ್ಲೆಂಡಿನದು, ಒಟ್ಟು 12 ತಂಡ. 8 ತಂಡಗಳಿಗೆ ನೇರ ಪ್ರವೇಶ. ಉಳಿದ 4 ಜಾಗಕ್ಕೆ ನೇಪಾಳದಲ್ಲಿ 10 ತಂಡಗಳ ಜಾಗತಿಕ ಅರ್ಹತಾ ಟೂರ್ನಿ. ಆ 10ರಲ್ಲಿ ಬಾಂಗ್ಲಾದೇಶ, ಸ್ಕಾಟ್ಲೆಂಡ್ ಬಿಟ್ಟರೆ ಮಿಕ್ಕ ಎಂಟೂ ಪ್ರಾದೇಶಿಕ ಟೂರ್ನಿಗಳಿಂದ ಮೇಲೆ ಬಂದವು: ಆಫ್ರಿಕಾದಿಂದ ಜಿಂಬಾಬ್ವೆ, ನಮೀಬಿಯಾ, ಏಷ್ಯಾದಿಂದ ಥಾಯ್ಲೆಂಡ್, ನೇಪಾಳ, ಯುರೋಪಿನಿಂದ ಐರ್ಲೆಂಡ್, ನೆದರ್ಲೆಂಡ್ಸ್, ಅಮೆರಿಕ ವಲಯದಿಂದ ಯುಎಸ್‌ಎ, ಪೂರ್ವ ಏಷ್ಯಾ-ಪೆಸಿಫಿಕ್‌ನಿಂದ ಪಪುವಾ ನ್ಯೂಗಿನಿ.

ಏಷ್ಯಾದ ಟೂರ್ನಿ ನಡೆದದ್ದು 2025ರ ಮೇ ತಿಂಗಳಲ್ಲಿ, ಬ್ಯಾಂಕಾಕ್‌ನಲ್ಲಿ. 9 ತಂಡ, ಮೂರು ಗುಂಪು, ಗುಂಪಿನ ಮೊದಲ ಸ್ಥಾನಕ್ಕೆ ಮಾತ್ರ ಸೂಪರ್ ತ್ರೀ ಹಂತ, ಅದರಲ್ಲಿ ಮೊದಲೆರಡು ತಂಡ ಮುಂದಕ್ಕೆ. ಅಂದರೆ ಗುಂಪಿನಲ್ಲಿ ಒಂದು ತಂಡಕ್ಕೆ ಸಿಗುವುದು ಎರಡೇ ಪಂದ್ಯ. ಗೆದ್ದರೆ 2 ಅಂಕ, ಮಳೆಗೆ ಕೊಚ್ಚಿಹೋದರೆ 1. ಒಂದು ಮಳೆ ಸಾಕು, ಲೆಕ್ಕ ಬುಡಮೇಲಾಗಲು.

2018ರ ಜುಲೈ 1ರಿಂದ ಐಸಿಸಿ ಸದಸ್ಯ ರಾಷ್ಟ್ರಗಳ ಮಹಿಳಾ ತಂಡಗಳ ನಡುವಿನ ಎಲ್ಲ ಟಿ20 ಪಂದ್ಯಗಳಿಗೂ ಅಂತರರಾಷ್ಟ್ರೀಯ ಮಾನ್ಯತೆ ಇದೆ. ಹಾಗಾಗಿ ಇಲ್ಲಿನ ಪ್ರತಿ ಅಂಕಿಯೂ ದಾಖಲೆಗೆ ಹೋಗುತ್ತದೆ. 2021ರಲ್ಲಿ ನೆದರ್ಲೆಂಡ್ಸ್‌ನ ಫ್ರೆಡರಿಕ್ ಓವರ್‌ಡೈಕ್ ಫ್ರಾನ್ಸ್ ವಿರುದ್ಧ 3 ರನ್ನಿಗೆ 7 ವಿಕೆಟ್ ಕಿತ್ತದ್ದು ಯುರೋಪಿನ ಇಂಥದ್ದೇ ಟೂರ್ನಿಯಲ್ಲಿ. ಅರ್ಹತಾ ಟೂರ್ನಿ ಎಂದರೆ ಸಣ್ಣ ತಂಡಗಳ ಪಾಡು ಎಂದೂ ತಿಳಿಯಬೇಡಿ. 2017ರಲ್ಲಿ ಏಕದಿನ ವಿಶ್ವಕಪ್‌ಗೆ ಹೋಗಲು ಭಾರತವೇ ಕೊಲಂಬೊದಲ್ಲಿ ಅರ್ಹತಾ ಟೂರ್ನಿ ಆಡಬೇಕಾಯಿತು. ನಮ್ಮ ವೇದಾ ಕೃಷ್ಣಮೂರ್ತಿ, ರಾಜೇಶ್ವರಿ ಗಾಯಕವಾಡ್ ಆ ತಂಡದಲ್ಲಿದ್ದರು.

ನೆಟ್ ರನ್ ರೇಟ್: ಓವರ್ ಬಿಡಿ, ಚೆಂಡು ಹಿಡಿಯಿರಿ

ಸೂತ್ರ ಎಲ್ಲರಿಗೂ ಬಾಯಿಪಾಠ: ಹೊಡೆದ ರನ್ ಭಾಗಿಸು ಆಡಿದ ಓವರ್, ಅದರಲ್ಲಿ ಬಿಟ್ಟುಕೊಟ್ಟ ರನ್ ಭಾಗಿಸು ಹಾಕಿದ ಓವರ್ ಕಳೆ. ಎಡವುವುದು 19.2 ಎಂಬ ಬರಹದಲ್ಲಿ. ಅದು 19 ಓವರ್, 2 ಚೆಂಡು. ಚುಕ್ಕಿಯ ನಂತರದ ಅಂಕಿ ಆರರ ಲೆಕ್ಕದ್ದು, ಕ್ಯಾಲ್ಕುಲೇಟರ್ ಅದನ್ನು ಹತ್ತರ ಲೆಕ್ಕದ್ದು ಎಂದು ಓದುತ್ತದೆ. ನಿಜವಾದ ಬೆಲೆ 19.333.

ಆದ್ದರಿಂದ ಮೊದಲಿನಿಂದ ಕೊನೆಯವರೆಗೂ ಚೆಂಡಿನಲ್ಲೇ ಲೆಕ್ಕ ಹಾಕಿ, ಕೊನೆಗೊಮ್ಮೆ 6ರಿಂದ ಗುಣಿಸಿ:

ನೆಟ್ ರನ್ ರೇಟ್ = 6 × (ಹೊಡೆದ ರನ್ ÷ ಆಡಿದ ಚೆಂಡು) − 6 × (ಬಿಟ್ಟ ರನ್ ÷ ಹಾಕಿದ ಚೆಂಡು)

ಪೂರ್ತಿ 20 ಓವರ್ ಅಂದರೆ 120 ಚೆಂಡು. ವೈಡ್, ನೋಬಾಲ್ ಇಲ್ಲಿ ಚೆಂಡಾಗಿ ಎಣಿಕೆಗಿಲ್ಲ, ಅದರ ರನ್ ಮಾತ್ರ ಎಣಿಕೆಗಿದೆ. ಸೂಪರ್ ಓವರಿನ ರನ್ನೂ ಇದರಲ್ಲಿ ಸೇರದು.

ಇನ್ನೊಂದು ಎಚ್ಚರ: ಪಂದ್ಯಕ್ಕೊಂದು ನೆಟ್ ರನ್ ರೇಟ್ ತೆಗೆದು ಸರಾಸರಿ ಮಾಡಬಾರದು. ಎಲ್ಲ ಪಂದ್ಯಗಳ ರನ್ ಒಂದು ಕಡೆ, ಚೆಂಡು ಒಂದು ಕಡೆ ಕೂಡಿಸಿ, ಆಮೇಲೆ ಒಂದೇ ಸಲ ಭಾಗಿಸಬೇಕು. ಸ್ಕೂಟರ್ ಮೈಲೇಜ್ ನೋಡುವಾಗ ಒಟ್ಟು ಕಿಲೋಮೀಟರನ್ನು ಒಟ್ಟು ಪೆಟ್ರೋಲಿನಿಂದ ಭಾಗಿಸುತ್ತೇವಲ್ಲ, ಹಾಗೆ.

ಆಲ್‌ಔಟ್ ಆದರೆ ಪೂರ್ತಿ 120

ತಂಡ ಎಷ್ಟನೇ ಓವರಿನಲ್ಲಿ ಆಲ್‌ಔಟ್ ಆದರೂ ಲೆಕ್ಕಕ್ಕೆ ಅದರ ಪೂರ್ತಿ ಪಾಲಿನ ಓವರ್ ಹಿಡಿಯಬೇಕು. ಹಾಗಿಲ್ಲದಿದ್ದರೆ ಬೇಗ ಔಟಾದ ತಂಡದ ರನ್ ರೇಟೇ ಹೆಚ್ಚಾಗಿ ಕಾಣುತ್ತಿತ್ತು. 98 ರನ್ನಿಗೆ 17.2 ಓವರಿನಲ್ಲಿ ಬಿದ್ದ ತಂಡವನ್ನು 104 ಚೆಂಡಿಗೆ ಹಿಡಿದರೆ ಓವರಿಗೆ 5.654, ಸರಿಯಾದದ್ದು 120ಕ್ಕೆ ಹಿಡಿದು 4.900. ಇದೇ 120ನ್ನು ಬೌಲಿಂಗ್ ಮಾಡಿದ ತಂಡದ 'ಹಾಕಿದ ಚೆಂಡು' ಕಾಲಮ್ಮಿಗೂ ಬರೆಯಬೇಕು. ಒಂದು ಕಡೆ ಬರೆದು ಇನ್ನೊಂದು ಕಡೆ ಮರೆಯುವುದೇ ಹೆಚ್ಚು. ಗುರಿ ಮುಟ್ಟಿ ಗೆದ್ದ ತಂಡಕ್ಕೆ ಮಾತ್ರ ನಿಜವಾಗಿ ಆಡಿದ ಚೆಂಡು.

ಇದಕ್ಕೆ ಬಹಳ ಒಳ್ಳೆಯ ಉದಾಹರಣೆ 2025ರ ಮೇ 10ರ ಯುಎಇ–ಕತಾರ್ ಪಂದ್ಯ. ಯುಎಇ 16 ಓವರಿಗೆ ವಿಕೆಟ್ ನಷ್ಟವಿಲ್ಲದೆ 192. ಈಶಾ ಓಜಾ 55 ಎಸೆತಕ್ಕೆ 113, ತೀರ್ಥಾ ಸತೀಶ್ 42 ಎಸೆತಕ್ಕೆ 74. ಮಳೆ ಬರುವಂತಿತ್ತು. ಟಿ20ಯಲ್ಲಿ ಡಿಕ್ಲೇರ್ ಮಾಡುವಂತಿಲ್ಲ. ಕತಾರ್ ಕನಿಷ್ಠ 5 ಓವರ್ ಆಡದೆ ಮಳೆ ಬಂದರೆ ಫಲಿತಾಂಶವಿಲ್ಲ, 2 ಅಂಕದ ಬದಲು 1. ಹಾಗಾಗಿ ಆರಂಭಿಕರಿಬ್ಬರೂ ರಿಟೈರ್ಡ್ ಔಟ್, ಅಂದರೆ ತಾವಾಗಿಯೇ ಆಟ ಬಿಟ್ಟು ಔಟ್ ಎನಿಸಿಕೊಂಡರು. ಆಮೇಲೆ ಒಬ್ಬೊಬ್ಬರೇ ಪ್ಯಾಡ್ ಕಟ್ಟಿಕೊಂಡು ಒಳಗೆ ಬಂದು ಹಾಗೇ ರಿಟೈರ್ಡ್ ಔಟ್. ಹತ್ತು ವಿಕೆಟ್, ಇನಿಂಗ್ಸ್ ಮುಗಿಯಿತು. ಕತಾರ್ 29ಕ್ಕೆ ಆಲ್‌ಔಟ್, ಯುಎಇಗೆ 163 ರನ್ ಜಯ.

ಸ್ಕೋರ್ ಶೀಟ್‌ನಲ್ಲಿ ಇದು ಹೇಗೆ ಕೂರುತ್ತದೆ ನೋಡಿ. ವಿಕೆಟ್ ಪತನ 1-192ರಿಂದ 10-192ರವರೆಗೆ, ಎಲ್ಲವೂ 16.0 ಓವರಿಗೆ. ಯಾವ ಬೌಲರ್ ಲೆಕ್ಕಕ್ಕೂ ವಿಕೆಟ್ ಇಲ್ಲ. ತಾಳೆ ನೋಡುವಾಗ 'ಬೌಲರ್ ವಿಕೆಟ್ + ರನೌಟ್ = ಬಿದ್ದ ವಿಕೆಟ್' ಎಂಬ ರೂಢಿಯ ಸಾಲು ಇಲ್ಲಿ ಸೊನ್ನೆ ತೋರಿಸುತ್ತದೆ, ಅದಕ್ಕೆ ರಿಟೈರ್ಡ್ ಔಟ್ ಕೂಡಿಸಿದರೆ 10 ಸಿಗುತ್ತದೆ. ರನ್: 113 + 74 = 187, ಮಿಕ್ಕ 5 ಇತರೆ ರನ್. ಎದುರಿಸಿದ ಎಸೆತ: 55 + 42 = 97, ಆದರೆ 16 ಓವರ್ ಅಂದರೆ 96. ಆ ಒಂದು ಹೆಚ್ಚಿನದು ನೋಬಾಲ್. ನೋಬಾಲ್ ಬ್ಯಾಟರ್ ಎದುರಿಸಿದ ಎಸೆತವಾಗಿ ಸೇರುತ್ತದೆ, ಓವರಿನಲ್ಲಿ ಸೇರುವುದಿಲ್ಲ, ವೈಡ್ ಎರಡರಲ್ಲೂ ಸೇರುವುದಿಲ್ಲ. ಇಷ್ಟು ಚೆನ್ನಾಗಿ ತಾಳೆಯಾಗುವ ಶೀಟ್ ಅಭ್ಯಾಸಕ್ಕೆ ಬೇರೆ ಸಿಗದು.

ನೆಟ್ ರನ್ ರೇಟ್‌ಗೆ ಬಂದರೆ 192 ÷ 16 ಎಂದು 12.000 ಬರೆಯುವ ಆಸೆಯಾಗುತ್ತದೆ. ನಿಯಮದ ಪ್ರಕಾರ ಇದು ಆಲ್‌ಔಟ್, ಹಾಗಾಗಿ 120 ಚೆಂಡಿಗೆ 192, ಅಂದರೆ 9.600. ಕತಾರ್ 120 ಚೆಂಡಿಗೆ 29, ಅಂದರೆ 1.450. ಈ ಪಂದ್ಯದ ಮಟ್ಟಿಗೆ ವ್ಯತ್ಯಾಸ 8.150. ಮಿಕ್ಕ 24 ಚೆಂಡಿನ ರನ್ ಬಿಟ್ಟುಕೊಟ್ಟು 2 ಅಂಕವನ್ನು ಭದ್ರ ಮಾಡಿಕೊಂಡರು. ಎರಡೇ ಪಂದ್ಯದ ಗುಂಪಿನಲ್ಲಿ ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆದರೂ ಕೊನೆಗೆ ಏಷ್ಯಾದಿಂದ ಮೇಲೆ ಹೋದದ್ದು ಥಾಯ್ಲೆಂಡ್ ಮತ್ತು ನೇಪಾಳ.

ಎಷ್ಟನೇ ಚೆಂಡಿನೊಳಗೆ ಮುಗಿಸಬೇಕು?

ತಲೆ ಕೆಡಿಸುವ ಭಾಗ ಇದು. ಕಲ್ಪಿತ ಗುಂಪು ಒಂದನ್ನು ತೆಗೆದುಕೊಳ್ಳೋಣ. ಅ, ಬ, ಕ ಮೂರು ತಂಡ, ಮೊದಲೆರಡಕ್ಕೆ ಮುಂದಿನ ಹಂತ.

ಪಂದ್ಯ 1: ಅ 20 ಓವರಿಗೆ 6 ವಿಕೆಟ್‌ಗೆ 132, ಬ 17.2 ಓವರಿಗೆ 98 ಆಲ್‌ಔಟ್.
ಪಂದ್ಯ 2: ಬ 20 ಓವರಿಗೆ 8 ವಿಕೆಟ್‌ಗೆ 110, ಕ 19.1 ಓವರಿಗೆ 91 ಆಲ್‌ಔಟ್.
ಪಂದ್ಯ 3: ಅ 18.3 ಓವರಿಗೆ 105 ಆಲ್‌ಔಟ್. ಕ ತಂಡಕ್ಕೆ ಗುರಿ 106.

ಬ ತಂಡದ ಆಟ ಮುಗಿದಿದೆ: ಹೊಡೆದದ್ದು 240 ಚೆಂಡಿಗೆ 208, ಬಿಟ್ಟದ್ದು 240 ಚೆಂಡಿಗೆ 223. ನೆಟ್ ರನ್ ರೇಟ್ −0.375. ಕ ಗೆದ್ದರೆ ಮೂವರಿಗೂ 2 ಅಂಕ. ಹಾಗಾದರೆ ಕ ತಂಡ ಬ ತಂಡವನ್ನು ದಾಟಲು ಎಷ್ಟು ಚೆಂಡಿನಲ್ಲಿ ಮುಗಿಸಬೇಕು?

ಮೊದಲು, ಕ ತಂಡ ಬಿಟ್ಟುಕೊಟ್ಟ ರೇಟ್ ತೆಗೆಯಿರಿ: 110 + 105 = 215, ಚೆಂಡು 240, ರೇಟ್ 5.375. ಇದಕ್ಕೆ ದಾಟಬೇಕಾದ ತಂಡದ ನೆಟ್ ರನ್ ರೇಟ್ ಕೂಡಿಸಿ: 5.375 − 0.375 = 5.000. ಕ ತಂಡದ ಒಟ್ಟು ಹೊಡೆತದ ರೇಟ್ ಇದಕ್ಕಿಂತ ಮೇಲಿರಬೇಕು.

ಆಮೇಲೆ ಒಟ್ಟು ರನ್: 91 + 106 = 197. ಅದನ್ನು 6ರಿಂದ ಗುಣಿಸಿದರೆ 1182, 5ರಿಂದ ಭಾಗಿಸಿದರೆ 236.4 ಚೆಂಡು. ಮೊದಲ ಪಂದ್ಯದ 120 ಕಳೆದರೆ 116.4. ಕೆಳಗಿನ ಪೂರ್ಣ ಸಂಖ್ಯೆ ತೆಗೆದುಕೊಳ್ಳಿ: 116 ಚೆಂಡು, ಅಂದರೆ 19.2 ಓವರ್. ಭಾಗಲಬ್ಧ ಸರಿಯಾಗಿ ಪೂರ್ಣ ಸಂಖ್ಯೆಯೇ ಬಂದರೆ ಅದು ಸಮ ಆಗುವ ಜಾಗ. ದಾಟಬೇಕೆಂದರೆ ಇನ್ನೂ ಒಂದು ಚೆಂಡು ಕಡಿಮೆ ಮಾಡಿ.

ಈಗ ಓವರ್ ತಪ್ಪಾಗಿ ಒತ್ತಿದರೆ ಏನಾಗುತ್ತದೆ ನೋಡಿ. ಕ 19.3ರಲ್ಲಿ ಗೆದ್ದಿತು ಎನ್ನೋಣ. 197 ÷ 39.3 ಎಂದು ಒತ್ತಿದರೆ ನೆಟ್ ರನ್ ರೇಟ್ −0.362, ತಂಡ ಒಳಗೆ. ಸರಿಯಾಗಿ 197 ÷ 39.5 ಎಂದು ಒತ್ತಿದರೆ −0.388, ತಂಡ ಹೊರಗೆ. ಡಗೌಟ್‌ಗೆ ಚೀಟಿ ಕಳಿಸುವವರು ಈ ಒಂದು ತಪ್ಪು ಮಾಡಿದರೆ ಆಟಗಾರ್ತಿಯರು ಗೆದ್ದೆವೆಂದು ಕುಣಿದು ಆಮೇಲೆ ಅಳಬೇಕಾಗುತ್ತದೆ.

ಕೊನೆಯ ಹೊಡೆತ

116 ಎಂಬ ಉತ್ತರ ಸರಿ, ಆದರೆ ಅದು 106ಕ್ಕೇ ಮುಗಿದರೆ ಮಾತ್ರ. ಗೆಲುವಿನ ಹೊಡೆತ ಬೌಂಡರಿ ಆದರೆ ಅದರ ಪೂರ್ತಿ ರನ್ ಸೇರುತ್ತದೆ, ಆಗ ಒಟ್ಟು 111ರವರೆಗೆ ಹೋಗಬಹುದು. ಓಡಿ ತೆಗೆದ ರನ್ನಿನಲ್ಲಿ ಗೆಲುವಿಗೆ ಬೇಕಾದಷ್ಟೇ ಲೆಕ್ಕ, ಅಲ್ಲಿಗೆ ಆಟ ಮುಗಿಯುತ್ತದೆ. ಮೇಲಿನ ಲೆಕ್ಕವನ್ನೇ ಬೇರೆ ಬೇರೆ ಮೊತ್ತಕ್ಕೆ ಹಾಕಿದರೆ:

106ಕ್ಕೆ ಮುಗಿದರೆ 116 ಚೆಂಡು (19.2)
107ಕ್ಕೆ 117 (19.3)
108ಕ್ಕೆ 118 (19.4)
109ಕ್ಕೆ 119 (19.5), 120ಕ್ಕೆ ಸರಿಯಾಗಿ ಸಮ
110, 111ಕ್ಕೆ ಪೂರ್ತಿ 120

ಈಗ 19.2 ಓವರ್ ಮುಗಿದಿದೆ, ಸ್ಕೋರ್ 105, ಸಮ. ಮುಂದಿನ ಚೆಂಡಿಗೆ ಒಂಟಿ ರನ್ ಓಡಿದರೆ ಪಂದ್ಯ ಗೆದ್ದು ಟೂರ್ನಿಯಿಂದ ಹೊರಗೆ. ರನ್ ಬೇಡವೆಂದು ನಿಂತು, 19.5ರೊಳಗೆ ಫೋರ್ ಅಥವಾ 20ನೇ ಓವರಿನ ಕೊನೆಯ ಚೆಂಡಿನೊಳಗೆ ಸಿಕ್ಸರ್ ಹೊಡೆಯಬೇಕು. ಅದೇ ಗಳಿಗೆಯಲ್ಲಿ ಬೌಲರ್ ವೈಡ್ ಹಾಕಿದರೆ? ವೈಡ್ ಚೆಂಡಾಗಿ ಎಣಿಕೆಗಿಲ್ಲ, ಆದ್ದರಿಂದ 116 ಚೆಂಡಿಗೆ 106, ತಂಡ ಒಳಗೆ. ಒಂದು ಚೆಂಡು ಖಾಲಿ ಹೋದ ಮೇಲೆ ಬಂದ ವೈಡ್ ಅದೇ ತಂಡವನ್ನು ಮನೆಗೆ ಕಳಿಸುತ್ತದೆ.

ಇದು ಪುಸ್ತಕದ ಲೆಕ್ಕ ಮಾತ್ರ ಎನಿಸಿದರೆ 2025ರ ಏಪ್ರಿಲ್ 19, ಲಾಹೋರ್, ಏಕದಿನ ವಿಶ್ವಕಪ್ ಅರ್ಹತಾ ಟೂರ್ನಿ ನೋಡಿ. ಥಾಯ್ಲೆಂಡ್ 166. ಬಾಂಗ್ಲಾದೇಶವನ್ನು ದಾಟಲು ವೆಸ್ಟ್ ಇಂಡೀಸ್ 10.1 ಓವರಿನಲ್ಲಿ ಗೆಲ್ಲಬೇಕಿತ್ತು. ಅದು ತಪ್ಪಿದರೆ, ಸ್ಕೋರ್ ಸಮವಾದ ಮೇಲೆ ಸಿಕ್ಸರ್ ಹೊಡೆದು 11 ಓವರಿನೊಳಗೆ 172 ಮುಟ್ಟಬೇಕಿತ್ತು. ಹೇಲಿ ಮ್ಯಾಥ್ಯೂಸ್ 29 ಎಸೆತಕ್ಕೆ 70 ಬಾರಿಸಿದರು. 162ರಲ್ಲಿದ್ದಾಗ ಬೇಕಿದ್ದದ್ದು ಮೊದಲು ಫೋರ್, ಆಮೇಲೆ ಸಿಕ್ಸರ್. ಬಂದದ್ದು ಸಿಕ್ಸರ್: 10.5 ಓವರಿಗೆ 168, ಪಂದ್ಯ ಮುಗಿಯಿತು. ಬಾಂಗ್ಲಾದೇಶ 0.639, ವೆಸ್ಟ್ ಇಂಡೀಸ್ 0.626. ಅಂತರ 0.013. ನಮ್ಮ ಕಲ್ಪಿತ ಗುಂಪಿನಲ್ಲಿ 19.3 ಓವರನ್ನು ತಪ್ಪಾಗಿ ಒತ್ತಿದ್ದಕ್ಕೆ ಬಂದ ವ್ಯತ್ಯಾಸವೇ ಅದರ ಎರಡರಷ್ಟು.

ಸೋಲುವ ತಂಡಕ್ಕೂ ಗುರಿ ಇದೆ

ಇದನ್ನು ಬೆಂಗಳೂರಿನವರಿಗೆ ಹೆಚ್ಚು ಹೇಳಬೇಕಿಲ್ಲ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218 ಹೊಡೆದಾಗ ಚೆನ್ನೈಗೆ ಗೆಲ್ಲಲು 219, ಆದರೆ ಮುಂದೆ ಹೋಗಲು 201 ಸಾಕಿತ್ತು. ನಿಂತದ್ದು 191ರಲ್ಲಿ.

ನಮ್ಮ ಗುಂಪಿನಲ್ಲಿ ಅ ತಂಡವನ್ನು ನೋಡಿ. ಹೊಡೆದದ್ದು 240 ಚೆಂಡಿಗೆ 237, ರೇಟ್ 5.925. ಬ ತಂಡದ −0.375ಕ್ಕಿಂತ ಕೆಳಗೆ ಬೀಳಬೇಕಾದರೆ ಬಿಟ್ಟುಕೊಟ್ಟ ರೇಟ್ 6.300 ಮೀರಬೇಕು. ಬಿಟ್ಟ ರನ್ 98 + 106 = 204; 1224 ÷ 6.3 = 194.29, 120 ಕಳೆದರೆ 74.29. ಅಂದರೆ ಕ 12.2 ಓವರಿನೊಳಗೆ 106 ಮುಟ್ಟಿದರೆ ಅ ಮೂರನೇ ಸ್ಥಾನಕ್ಕೆ ಜಾರಿ, ಬ ಕೂತಲ್ಲೇ ಒಳಗೆ. 12.3ರವರೆಗೆ ಎಳೆದರೆ ಅ ಸೋತರೂ ಉಳಿಯುತ್ತದೆ. ಗುರಿ ಸಣ್ಣದಿದ್ದಾಗ ನಾಯಕಿ ಫೀಲ್ಡನ್ನು ಹಿಂದೆ ಕಳಿಸಿ ಬೌಂಡರಿ ಕಾಯುವುದು ಎಷ್ಟೋ ಸಲ ಇದಕ್ಕೇ.

ಪಂದ್ಯವಾರು ಸರಾಸರಿ ಮಾಡಬಾರದು ಎಂದದ್ದು ಏಕೆಂದು ತಿಳಿಯಲು, ಕ 10 ಓವರಿನಲ್ಲೇ ಮುಗಿಸಿದರೆ ಎಂದೂ ಲೆಕ್ಕ ಹಾಕಿ. ಪಂದ್ಯವಾರು −0.950 ಮತ್ತು 5.350, ಸರಾಸರಿ 2.200. ಸರಿಯಾದ ವಿಧಾನದಲ್ಲಿ 180 ಚೆಂಡಿಗೆ 197, 240ಕ್ಕೆ 215: 1.192.

ಮಳೆ ಬಂದರೆ

ಫಲಿತಾಂಶವಿಲ್ಲದ ಪಂದ್ಯದ ರನ್, ಚೆಂಡು ಎರಡೂ ಲೆಕ್ಕದಿಂದ ಹೊರಗೆ. ಮಳೆಗೆ ಓವರ್ ಕಡಿಮೆಯಾದಾಗ ಗುರಿಯನ್ನು ಹೊಸದಾಗಿ ಲೆಕ್ಕ ಹಾಕುವ ಡಕ್ವರ್ತ್–ಲೂಯಿಸ್–ಸ್ಟರ್ನ್‌ನಿಂದ ಗುರಿ ಬದಲಾದರೆ ಮೊದಲು ಆಡಿದ ತಂಡಕ್ಕೆ ಹೊಸ ಗುರಿಗಿಂತ ಒಂದು ಕಡಿಮೆ ರನ್, ಎರಡನೇ ತಂಡಕ್ಕೆ ಕೊಟ್ಟಷ್ಟೇ ಓವರ್ ಎಂದು ಬರೆಯಬೇಕು. 12 ಓವರಿಗೆ ಗುರಿ 90 ಆದರೆ ಮೊದಲ ತಂಡದ ಹೆಸರಿಗೆ 72 ಚೆಂಡು, 89 ರನ್; ಅದು ನಿಜವಾಗಿ 140 ಹೊಡೆದಿದ್ದರೂ ಅಷ್ಟೇ. ಈ ಪಂದ್ಯದಲ್ಲಿ ಎರಡನೇ ತಂಡ ಆಲ್‌ಔಟ್ ಆದರೆ ಅದರ ಪೂರ್ತಿ ಪಾಲು 72, 120 ಎಂದು ಬರೆಯಬೇಡಿ.