ಇನ್ನೂರು ಸೀರಿ, ಉಳಿದದ್ದು ಒಂದ ಫೋಟೊ

“ಸರ್ರ, ರಾತ್ರಿಯೆಲ್ಲಾ ಮಷೀನ್ ಓಡೇತಿ. ಮುಂಜಾನೆ ನೋಡಿದ್ರ ಫೋಲ್ಡರ್‌ದಾಗ ಒಂದ ಫೋಟೊ ಐತ್ರಿ!” ದಸರಾ, ದೀಪಾವಳಿ ಹತ್ತಿರ ಬಂದರೆ ಇಳಕಲ್ಲಿನ ಸೀರೆ ಅಂಗಡಿಗಳಿಂದ, ಗುಳೇದಗುಡ್ಡದ ಖಣದ ವ್ಯಾಪಾರಿಗಳಿಂದ ಈ ದೂರು ತಪ್ಪಿದ್ದಲ್ಲ. ಪಿಎಸ್‌ಡಿ (ಫೋಟೊಶಾಪ್‌ನ ಮೂಲ ಫೈಲ್) ಫೋಟೊಗಳನ್ನೆಲ್ಲ ಒಟ್ಟಿಗೆ ಜೆಪೆಗ್ ಮಾಡಲು ಫೋಟೊಶಾಪ್ ಹಚ್ಚಿಟ್ಟು ಮಲಗಿದವರ ಗೋಳಿದು. ವೈರಸ್ ಹೊಕ್ಕಿದೆ ಎಂದೇ ಎಲ್ಲರ ಅನುಮಾನ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಇನ್ನೂರು ಫೈಲೂ ಸೇವ್ ಆಗಿವೆ, ಆದರೆ ಒಂದೇ ಹೆಸರಿನಲ್ಲಿ, ಒಂದರ ಮೇಲೊಂದು.

ಫೋಟೊಶಾಪ್‌ನಲ್ಲಿ ಆ್ಯಕ್ಷನ್ (ಒಮ್ಮೆ ಮಾಡಿದ ಹೆಜ್ಜೆಗಳನ್ನು ನೆನಪಿಟ್ಟು ಮತ್ತೆ ಮತ್ತೆ ಮಾಡುವ ಸೌಲಭ್ಯ) ರೆಕಾರ್ಡ್ ಮಾಡುವಾಗ ‘ಸೇವ್ ಆ್ಯಸ್’ ಕಿಟಕಿ ತೆರೆಯುತ್ತದೆ. ಅಲ್ಲಿ ಹೆಸರಿನ ಜಾಗದಲ್ಲಿ ‘ಸೀರೆ1’ ಎಂದು ಟೈಪ್ ಮಾಡಿದಿರೋ, ಆ ಹೆಸರೂ ಆ್ಯಕ್ಷನ್‌ನೊಳಗೆ ಸೇರಿಬಿಡುತ್ತದೆ. ಮುಂದೆ ಯಾವ ಫೈಲ್ ಬಂದರೂ ಅದರ ಹೆಸರು ‘ಸೀರೆ1’. ಹೆಸರನ್ನು ಮುಟ್ಟಬೇಡಿ. ಫೋಲ್ಡರ್ ಆರಿಸಿ, ಫಾರ್ಮ್ಯಾಟ್ ಆರಿಸಿ, ಸೇವ್ ಒತ್ತಿ, ಅಷ್ಟೇ. ಅನುಮಾನವಿದ್ದರೆ ಆ್ಯಕ್ಷನ್ಸ್ ಪ್ಯಾನೆಲ್‌ನಲ್ಲಿ ಸೇವ್ ಹೆಜ್ಜೆಯ ಪಕ್ಕದ ಬಾಣ ಬಿಚ್ಚಿ ನೋಡಿ. ಫೋಲ್ಡರಿನ ದಾರಿ ಮಾತ್ರ ಇರಬೇಕು. ಕೊನೆಗೆ ಫೈಲಿನ ಹೆಸರೂ ಕಂಡರೆ ಆ ಹೆಜ್ಜೆ ಅಳಿಸಿ ಮತ್ತೆ ರೆಕಾರ್ಡ್ ಮಾಡಿ.

ಇನ್ನು ಬ್ಯಾಚ್ ಕಿಟಕಿಯ (ಆ್ಯಕ್ಷನ್ನನ್ನು ಇಡೀ ಫೋಲ್ಡರಿನ ಮೇಲೆ ಓಡಿಸುವ ಕಿಟಕಿ) ಒಂದು ಟಿಕ್ ಗುರುತು: ‘ಓವರ್‌ರೈಡ್ ಆ್ಯಕ್ಷನ್ ಸೇವ್ ಆ್ಯಸ್ ಕಮಾಂಡ್ಸ್’. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಟಿಕ್ ಹಾಕಿದರೆ ಸೇವ್ ಆ್ಯಸ್ ಹೆಜ್ಜೆಯೇ ರದ್ದಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಫೋಲ್ಡರ್ ಮತ್ತು ಹೆಸರನ್ನು ಬ್ಯಾಚ್ ಕಿಟಕಿಯಿಂದ ತಗೋ, ಫಾರ್ಮ್ಯಾಟ್ ಮತ್ತು ಕ್ವಾಲಿಟಿಯನ್ನು ಆ್ಯಕ್ಷನ್‌ನಿಂದ ತಗೋ ಎಂಬುದು ಅದರ ಅರ್ಥ. ಎರಡೂ ಕಡೆಯವರು ಕೂಡಿದರೇ ಕೆಲಸ. ಆ್ಯಕ್ಷನ್‌ನಲ್ಲಿ ಸೇವ್ ಆ್ಯಸ್ ಇಲ್ಲದೆ ಟಿಕ್ ಮಾತ್ರ ಇದ್ದರೆ ಒಂದು ಫೈಲೂ ಸೇವ್ ಆಗುವುದಿಲ್ಲ. ಸೇವ್ ಆ್ಯಸ್ ಇದ್ದು ಟಿಕ್ ಇಲ್ಲದಿದ್ದರೆ, ರೆಕಾರ್ಡ್ ಮಾಡಿದ ದಿನದ ಫೋಲ್ಡರಿಗೇ ಎಲ್ಲ ಹೋಗುತ್ತವೆ. ಹೊಸ ಫೋಲ್ಡರಿನಲ್ಲಿ ಹುಡುಕುತ್ತ ಕೂರಬೇಕು. ‘ಸೇವ್ ಫಾರ್ ವೆಬ್’ ರೆಕಾರ್ಡ್ ಮಾಡಿದವರಿಗೆ ಈ ಟಿಕ್‌ನಿಂದ ಪ್ರಯೋಜನವಿಲ್ಲ. ಅದು ತನ್ನ ಹಳೆಯ ಫೋಲ್ಡರನ್ನೇ ಹಿಡಿದಿರುತ್ತದೆ.

ಮೇಲಿನ ‘ಓವರ್‌ರೈಡ್ ಆ್ಯಕ್ಷನ್ ಓಪನ್ ಕಮಾಂಡ್ಸ್’ಗೂ ಜೋಡಿಗಿರಲಿ ಎಂದು ಟಿಕ್ ಹಾಕುವವರಿದ್ದಾರೆ. ಆ್ಯಕ್ಷನ್‌ನಲ್ಲಿ ಓಪನ್ ಹೆಜ್ಜೆ ಇಲ್ಲದಿದ್ದರೆ ಅದು ಬೇಡ. ಹಾಕಿದರೆ ಫೈಲುಗಳು ತೆರೆಯುವುದೇ ಇಲ್ಲ. ಡೆಸ್ಟಿನೇಶನ್ (ಸೇವ್ ಆಗುವ ಜಾಗ) ‘ಫೋಲ್ಡರ್’ ಇರಲಿ. ‘ಸೇವ್ ಆ್ಯಂಡ್ ಕ್ಲೋಸ್’ ಎಂದರೆ ಮೂಲ ಫೈಲಿನ ಮೇಲೆಯೇ ಬರೆಯುವುದು. ಲೇಯರ್ (ಚಿತ್ರದ ಬಿಡಿ ಪದರ) ಹೋದ ಪಿಎಸ್‌ಡಿ ಮರಳಿ ಬರುವುದಿಲ್ಲ.

ಆ್ಯಕ್ಷನ್‌ನ ಹೆಜ್ಜೆಗಳ ಕ್ರಮ: ಮೊದಲು ಫ್ಲ್ಯಾಟನ್ (ಪದರಗಳನ್ನೆಲ್ಲ ಒಂದು ಮಾಡುವುದು), ಆಮೇಲೆ ಎಸ್‌ಆರ್‌ಜಿಬಿಗೆ (ಮೊಬೈಲ್, ವೆಬ್‌ನ ಸಾಮಾನ್ಯ ಬಣ್ಣದ ಮಾನಕ) ‘ಕನ್ವರ್ಟ್ ಟು ಪ್ರೊಫೈಲ್’, ನಂತರ ‘ಫಿಟ್ ಇಮೇಜ್’, ಕೊನೆಗೆ ಜೆಪೆಗ್ ಸೇವ್. ಫ್ಲ್ಯಾಟನ್ ಮೊದಲೇ ಏಕೆಂದರೆ, ನುಡಿ ಫಾಂಟಿನಲ್ಲಿ ದರ ಬರೆದ ಪಿಎಸ್‌ಡಿಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಲೇಯರ್ ಸಮೇತ ಚಿಕ್ಕದು ಮಾಡಿದರೆ ಫಾಂಟ್ ಬದಲಾಗಿ ಅಕ್ಷರಗಳು ಕೆಡುತ್ತವೆ. ಮೊದಲೇ ಚಪ್ಪಟೆ ಮಾಡಿದರೆ ಅದು ಬರೀ ಚಿತ್ರ, ಕೆಡಲು ಏನೂ ಉಳಿದಿರುವುದಿಲ್ಲ. ‘ಇಮೇಜ್ ಸೈಜ್’ ಬದಲು ‘ಫಿಟ್ ಇಮೇಜ್’ನಲ್ಲಿ 2000, 2000 ಕೊಟ್ಟರೆ ಅಡ್ಡ ಫೋಟೊ, ಉದ್ದ ಫೋಟೊ ಎರಡೂ ಆ ಚೌಕಟ್ಟಿನೊಳಗೆ ಕೂಡುತ್ತವೆ. ಕ್ವಾಲಿಟಿ 12ರಲ್ಲಿ 10 ಸಾಕು.

ಪ್ರೊಫೈಲ್ ಹೆಜ್ಜೆ ಬಿಟ್ಟವರಿಗೆ ಗಿರಿಕುಂಕುಮ ಬಣ್ಣದ ಸೆರಗು ಮೊಬೈಲಿನಲ್ಲಿ ಮಾಸಿದ ಇಟ್ಟಿಗೆಯಂತೆ ಕಂಡೀತು, ಮುಖ್ಯವಾಗಿ ಕ್ಯಾಮೆರಾ ಅಡೋಬ್ ಆರ್‌ಜಿಬಿ ಎಂಬ ಇನ್ನೊಂದು ಬಣ್ಣದ ಮಾನಕದಲ್ಲಿದ್ದರೆ. ‘ಕನ್ವರ್ಟ್’ ಬದಲು ‘ಅಸೈನ್’ ಒತ್ತಿದರೂ ಅದೇ ಗತಿ. ಅದಕ್ಕೆ ನೇಕಾರರನ್ನು ಬೈಯಬೇಡಿ.

ಒಂದು ಎಚ್ಚರಿಕೆ. ಬರೀ ಬ್ಯಾಕ್‌ಗ್ರೌಂಡ್ ಲೇಯರ್ ಇರುವ ಫೈಲಿನಲ್ಲಿ ಫ್ಲ್ಯಾಟನ್ ಕಮಾಂಡ್ ಲಭ್ಯವಿಲ್ಲ ಎಂದು ಬ್ಯಾಚ್ ಅರ್ಧದಲ್ಲೇ ನಿಂತು ನಿಮ್ಮನ್ನು ಕಾಯುತ್ತದೆ. ಬ್ಯಾಚ್ ಕಿಟಕಿಯ ಎರರ್ಸ್‌ನಲ್ಲಿ ‘ಲಾಗ್ ಎರರ್ಸ್ ಟು ಫೈಲ್’ ಆರಿಸಿದರೆ ಬೆಳಗಿನವರೆಗೆ ಓಡುತ್ತದೆ, ತಪ್ಪಿದವುಗಳ ಪಟ್ಟಿಯೂ ಸಿಗುತ್ತದೆ. 2021ರ ನಂತರದ ಆವೃತ್ತಿಗಳಲ್ಲಿ ಲೇಯರ್ ಇರುವ ಫೈಲಿಗೆ ‘ಸೇವ್ ಆ್ಯಸ್’ನಲ್ಲಿ ಜೆಪೆಗ್ ಕಾಣದೆ ಗಾಬರಿಯಾಗುವವರಿದ್ದಾರೆ. ಫ್ಲ್ಯಾಟನ್ ಮಾಡಿದ 8 ಬಿಟ್ ಫೈಲಿಗೆ ಕಾಣುತ್ತದೆ.

ಇಷ್ಟೆಲ್ಲ ಯಾಕ್ರಿ ಎನ್ನುವವರಿಗೆ ಫೈಲ್ ಮೆನುವಿನ ಸ್ಕ್ರಿಪ್ಟ್ಸ್‌ನಲ್ಲಿ ‘ಇಮೇಜ್ ಪ್ರೊಸೆಸರ್’ ಇದೆ. ಜೆಪೆಗ್, ಪಿಎಸ್‌ಡಿ, ಟಿಫ್ ಮೂರನ್ನೂ ಒಂದೇ ಓಟಕ್ಕೆ ಬೇರೆ ಬೇರೆ ಫೋಲ್ಡರಿಗೆ ಹಾಕುತ್ತದೆ. ಅಳತೆ, ಎಸ್‌ಆರ್‌ಜಿಬಿ ಎರಡೂ ಅಲ್ಲೇ. ಪಿಎನ್‌ಜಿ ಮಾತ್ರ ಕೊಡುವುದಿಲ್ಲ. ಹಿನ್ನೆಲೆಯಿಲ್ಲದ ಲೋಗೊ ಬೇಕೆಂದರೆ ಆ್ಯಕ್ಷನ್ನೇ ಗತಿ, ಅದರಲ್ಲಿ ಫ್ಲ್ಯಾಟನ್ ಇರಕೂಡದು. ಬೆಳಗಾವಿಯ ಫ್ಲೆಕ್ಸ್ ಅಂಗಡಿಗೆ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ ಪದ್ಧತಿ) ಬೇಕಾದರೆ ಟಿಫ್ ಕೊಡಿ, ಪಿಎನ್‌ಜಿಗೆ ಸಿಎಂವೈಕೆ ಗೊತ್ತಿಲ್ಲ.

ಫೈಲಿನ ಬಾಲದ ‘.ಪಿಎಸ್‌ಡಿ’ ಅಳಿಸಿ ‘.ಜೆಪಿಜಿ’ ಬರೆಯುವವರ ಬಗ್ಗೆ ಏನು ಹೇಳುವುದು? ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಜೋಳ ಗೋಧಿಯಾಗುವುದಿಲ್ಲ.

ಇನ್ನೂರು ಹಾಕುವ ಮುಂಚೆ ಫೋಲ್ಡರಿನ ನಕಲು ಮಾಡಿಕೊಂಡು ಮೂರು ಫೈಲ್ ಓಡಿಸಿ: ಒಂದು ಅಡ್ಡ, ಒಂದು ಉದ್ದ, ಒಂದು ಅಕ್ಷರವಿರುವುದು. ಮೂರು ಹೆಸರಿನ ಮೂರು ಜೆಪೆಗ್ ಬಂದವೇ ಎಣಿಸಿ, ಮೂರನ್ನೂ ತೆರೆದು ನೋಡಿ. ಆಮೇಲೆ ಉಳಿದವನ್ನು ಹಚ್ಚಿ ಊಟಕ್ಕೆ ಹೋಗಿ.